ಕಥನಗೀತೆಯಿಂದ ರಂಗಭೂಮಿಗೆ: ರೂಪರ್ಟ್ ಹೋಮ್ಸನ ಕೃತಿಜೀವನ

೧

ಜನಪ್ರಿಯ ಗೀತೆಯನ್ನು ಸಾಹಿತ್ಯ ಚರಿತ್ರಕಾರರು ಸಾಮಾನ್ಯವಾಗಿ ತಮ್ಮ ವಿಚಾರದ ಎಲ್ಲೆಯ ಹೊರಗೇ ನಿಲ್ಲಿಸುತ್ತಾರೆ. ನಾಲ್ಕಾರು ನಿಮಿಷಗಳಲ್ಲಿ ಹಾಡಿ ಮುಗಿಯುವ, ಒಂದೆರಡು ವರ್ಷಗಳಲ್ಲಿ ಮರೆತುಹೋಗುವ ವಸ್ತುವಿಗೆ ಚರಿತ್ರೆಯಲ್ಲಿ ಎಂತಹ ಸ್ಥಾನ ಎಂಬುದು ಅವರ ಭಾವನೆ. ನಾಟಕದ ಚರಿತ್ರಕಾರರು ಇಷ್ಟು ಕಠಿನರಲ್ಲ. ಆದರೂ ಹಾಡಿನ ಲೋಕದಿಂದ ರಂಗಭೂಮಿಗೆ ಬಂದವನನ್ನು ಅವರು ಅತಿಥಿಯಂತೆ ಕಾಣುವುದುಂಟು. ಅವನ ಹಿಂದಿನ ಬದುಕು ಒಂದು, ರಂಗಭೂಮಿಯ ಬದುಕು ಇನ್ನೊಂದು. ಎರಡರ ನಡುವೆ ಒಂದು ದ್ವಿತೀಯ ಜನ್ಮ ನಡೆದಿದೆ ಎಂಬಂತೆ ಬರೆಯುವುದು ವಾಡಿಕೆಯಾಗಿದೆ.

ಈ ವಾಡಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ರೂಪರ್ಟ್ ಹೋಮ್ಸನ ಕೃತಿಜೀವನ ಯೋಗ್ಯವಾದ ನಿದರ್ಶನ. ೧೯೭೯ರ ಕೊನೆಯಲ್ಲಿ ಅಮೆರಿಕದ ಅತ್ಯಂತ ಜನಪ್ರಿಯ ಹಾಡು ಇವನದು. ೧೯೮೬ರಲ್ಲಿ ಅಮೆರಿಕದ ರಂಗಭೂಮಿಯ ಅತ್ಯುನ್ನತ ಪ್ರಶಸ್ತಿಯಾದ ‘ಟೋನಿ’ಯನ್ನು ಸಂಗೀತ ನಾಟಕದ ಪಠ್ಯಕ್ಕಾಗಿ ಒಮ್ಮೆ, ಹಾಡುಗಳ ರಚನೆಗಾಗಿ ಇನ್ನೊಮ್ಮೆ, ಹೀಗೆ ಒಂದೇ ರಾತ್ರಿಯಲ್ಲಿ ಎರಡು ಬಾರಿ ಏಕಾಂಗಿಯಾಗಿ ಪಡೆದವನೂ ಇವನೇ. ಪಠ್ಯ, ಗೀತೆ, ರಾಗಸಂಯೋಜನೆ ಈ ಮೂರಕ್ಕೂ ಒಬ್ಬನೇ ಆ ಗೌರವವನ್ನು ಪಡೆದದ್ದು ಅದೇ ಮೊದಲು. ಈ ಎರಡು ಘಟನೆಗಳ ನಡುವೆ ಆರೇಳು ವರ್ಷಗಳ ಅಂತರ ಮಾತ್ರವಿದೆ. ಈ ಅವಧಿಯಲ್ಲಿ ಹೋಮ್ಸನು ಬೇರೊಬ್ಬ ಲೇಖಕನಾದನೆ? ಇಲ್ಲವೆಂಬುದೇ ಈ ಲೇಖನದ ಪ್ರತಿಪಾದನೆ. ಅವನ ಹಾಡುಗಳು ಮೊದಲಿನಿಂದಲೂ ನಾಟಕಗಳೇ ಆಗಿದ್ದುವು. ರಂಗಭೂಮಿ ಅವುಗಳಿಗೆ ವಿಸ್ತಾರವನ್ನು ಕೊಟ್ಟಿತು.

೨

ಹೋಮ್ಸನು ಹುಟ್ಟಿದ್ದು ೧೯೪೭ರ ಫೆಬ್ರವರಿ ೨೪ರಂದು, ಇಂಗ್ಲೆಂಡಿನ ಚೆಷೈರ್ ಪ್ರಾಂತದ ನಾರ್ತ್‌ವಿಚ್ ಎಂಬ ಊರಿನಲ್ಲಿ. ತಂದೆ ಅಮೆರಿಕದ ಸೈನ್ಯದಲ್ಲಿದ್ದವನು. ತಾಯಿ ಇಂಗ್ಲಿಷ್ ಮಹಿಳೆ. ಬಾಲ್ಯದಲ್ಲಿಯೇ ಕುಟುಂಬ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಊರುಗಳಲ್ಲಿ ನೆಲಸಿತು. ಮುಂದೆ ಅವನು ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್ ಎಂಬ ಸಂಗೀತ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದನು. ಅಲ್ಲಿ ದೊರೆತ ಶಾಸ್ತ್ರೀಯ ಶಿಕ್ಷಣ ಮುಂದೆ ಅವನಿಗೆ ಬಹಳ ಒದಗಿತು. ಜನಪ್ರಿಯ ಗಾಯಕರಲ್ಲಿ ಅನೇಕರು ರಾಗವನ್ನು ಕಟ್ಟಬಲ್ಲರು. ಆದರೆ ವಾದ್ಯಮೇಳದ ಪ್ರತಿಯೊಂದು ವಾದ್ಯಕ್ಕೂ ಬೇರೆಬೇರೆಯಾಗಿ ಸ್ವರಲಿಪಿಯನ್ನು ಬರೆದುಕೊಡಬಲ್ಲವರು ವಿರಳ. ಹೋಮ್ಸನು ಯೌವನದಲ್ಲಿಯೇ ಆ ಕೆಲಸದಿಂದ ಜೀವನ ಸಾಗಿಸಿದವನು. ‘ದಿ ಪ್ಲಾಟರ್ಸ್’, ‘ದಿ ಡ್ರಿಫ್ಟರ್ಸ್’ ಮೊದಲಾದ ಗಾಯಕ ತಂಡಗಳಿಗೆ ಅವನು ಹಾಡುಗಳನ್ನು ಒದಗಿಸಿದನು.

ಅವನ ಹೆಸರು ಮೊದಲು ಹೊರಬಿದ್ದದ್ದು ೧೯೭೧ರಲ್ಲಿ, ‘ಟಿಮೊಥಿ’ ಎಂಬ ಹಾಡಿನಿಂದ. ಪೆನ್ಸಿಲ್ವೇನಿಯದ ‘ದಿ ಬಾಯ್ಸ್’ ಎಂಬ ತಂಡ ಇದನ್ನು ಹಾಡಿತು. ತಂಡಕ್ಕೆ ಹೆಸರಿರಲಿಲ್ಲ, ಧ್ವನಿಮುದ್ರಣ ಸಂಸ್ಥೆ ಪ್ರಚಾರಕ್ಕಾಗಿ ಹಣ ವೆಚ್ಚಮಾಡಲು ಸಿದ್ಧವಿರಲಿಲ್ಲ. ಬಾನುಲಿ ನಿಲಯಗಳು ನಿಷೇಧಿಸುವಂತಹ ಹಾಡನ್ನು ಬರೆದರೆ ನಿಷೇಧವೇ ಪ್ರಚಾರವಾಗುತ್ತದೆ ಎಂದು ಹೋಮ್ಸನು ಲೆಕ್ಕಹಾಕಿದನು. ಗಣಿಯೊಂದು ಕುಸಿದು ಮೂವರು ಕಾರ್ಮಿಕರು ಒಳಗೆ ಸಿಕ್ಕಿಬೀಳುತ್ತಾರೆ. ರಕ್ಷಕರು ಬರುವ ವೇಳೆಗೆ ಇಬ್ಬರೇ ಉಳಿದಿದ್ದಾರೆ. ಹಸಿವೆಯಿಂದಿದ್ದವರು ಈಗ ಹಸಿದಿಲ್ಲ. ಮೂರನೆಯವನಾದ ಟಿಮೊಥಿ ಏನಾದನೆಂಬುದನ್ನು ಹಾಡು ಬಾಯಿಬಿಟ್ಟು ಹೇಳುವುದಿಲ್ಲ. ಕೇಳುಗನೇ ಊಹಿಸಿ ನಡುಗಬೇಕು. ನಿರೀಕ್ಷಿಸಿದಂತೆ ಹಲವು ನಿಲಯಗಳು ಅದನ್ನು ನಿಷೇಧಿಸಿದುವು. ಹಾಡು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ೧೭ನೆಯ ಸ್ಥಾನದವರೆಗೆ ಏರಿತು. ಟಿಮೊಥಿ ಎಂದರೆ ಮನುಷ್ಯನಲ್ಲ, ಹೇಸರಗತ್ತೆ ಎಂಬ ವದಂತಿಯೂ ಹುಟ್ಟಿಕೊಂಡಿತು. ಅದನ್ನು ಹಬ್ಬಿಸಿದವರು ಧ್ವನಿಮುದ್ರಣ ಸಂಸ್ಥೆಯವರೇ.

ಇದನ್ನು ಕೇವಲ ವ್ಯಾಪಾರದ ಚಾತುರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರೊಳಗಿನ ವಿಧಾನವನ್ನು ಗಮನಿಸಬೇಕು. ಕಥೆಯ ಅತ್ಯಂತ ಮುಖ್ಯವಾದ ಸಂಗತಿಯನ್ನು ಲೇಖಕನು ಬರೆಯದೆ ಬಿಟ್ಟಿದ್ದಾನೆ. ಅದನ್ನು ಪೂರ್ಣಗೊಳಿಸುವ ಹೊಣೆ ಕೇಳುಗನದು. ಹದಿನಾಲ್ಕು ವರ್ಷಗಳ ಅನಂತರ ಇದೇ ವಿಧಾನ ಒಂದು ಇಡೀ ನಾಟಕದ ಅಡಿಗಲ್ಲಾಯಿತು.

೩

೧೯೭೪ರಲ್ಲಿ ಹೋಮ್ಸನು ತಾನೇ ಹಾಡಿದ ‘ವೈಡ್‌ಸ್ಕ್ರೀನ್’ ಎಂಬ ಗೀತಸಂಪುಟ ಪ್ರಕಟವಾಯಿತು. ಹೆಸರೇ ಸೂಚಿಸುವಂತೆ ಇದರ ಹಾಡುಗಳು ಹಳೆಯ ಚಲನಚಿತ್ರಗಳ ದೃಶ್ಯಗಳಂತೆ ರಚಿತವಾದುವು. ಮಾರಾಟ ಹೆಚ್ಚಾಗಲಿಲ್ಲ. ಆದರೆ ಅದನ್ನು ಕೇಳಿದವರಲ್ಲಿ ಬಾರ್ಬ್ರಾ ಸ್ಟ್ರೈಸೆಂಡ್ ಒಬ್ಬಳು. ಆಕೆ ಆ ವೇಳೆಗೆ ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಪ್ರಸಿದ್ಧಳಾಗಿದ್ದ ಗಾಯಕಿ. ೧೯೭೫ರ ‘ಲೇಜಿ ಆಫ್ಟರ್‌ನೂನ್’ ಎಂಬ ತನ್ನ ಸಂಪುಟದ ನಿರ್ಮಾಣವನ್ನು ಆಕೆ ಹೋಮ್ಸನಿಗೂ ಅವನ ಸಹೋದ್ಯೋಗಿ ಜೆಫ್ರಿ ಲೆಸರನಿಗೂ ವಹಿಸಿದಳು. ೧೯೭೬ರ ‘ಎ ಸ್ಟಾರ್ ಈಸ್ ಬಾರ್ನ್’ ಚಲನಚಿತ್ರದಲ್ಲಿಯೂ ಅವನ ರಚನೆಗಳು ಬಂದುವು. ಹಾಡಿನೊಳಗೆ ಪಾತ್ರವನ್ನು ಹುಡುಕುವ ಗಾಯಕಿಗೆ ಹಾಡಿನೊಳಗೆ ಪಾತ್ರವನ್ನು ಅಡಗಿಸುವ ರಚನಕಾರ ಹಿಡಿಸಿದ್ದು ಸಹಜವಾಗಿದೆ.

ಇನ್ನು ಅವನಿಗೆ ಕೀರ್ತಿಯನ್ನೂ ಒಂದು ಬಗೆಯ ಬಂಧನವನ್ನೂ ತಂದ ಹಾಡು: ‘ಎಸ್ಕೇಪ್’. ತನ್ನ ಸಂಗಾತಿಯೊಡನೆ ಬೇಸರಗೊಂಡ ಗಂಡಸೊಬ್ಬನು, ಆಕೆ ನಿದ್ರಿಸುತ್ತಿರುವಾಗ, ವೃತ್ತಪತ್ರಿಕೆಯಲ್ಲಿ ಅಪರಿಚಿತೆಯೊಬ್ಬಳು ಸ್ನೇಹವನ್ನರಸಿ ಕೊಟ್ಟಿರುವ ಜಾಹಿರಾತನ್ನು ಓದುತ್ತಾನೆ. ಗುಟ್ಟಾಗಿ ಉತ್ತರ ಪ್ರಕಟಿಸುತ್ತಾನೆ. ಗೊತ್ತುಪಡಿಸಿದ ಪಾನಗೃಹದಲ್ಲಿ ಕಾದಿರುತ್ತಾನೆ. ಬಾಗಿಲು ತೆರೆದು ಬರುವವಳು ಅವನ ಸಂಗಾತಿಯೇ! ಇಬ್ಬರೂ ಪರಸ್ಪರ ವಂಚಿಸಲು ಹೊರಟು ಪರಸ್ಪರರನ್ನೇ ಕಂಡುಕೊಳ್ಳುತ್ತಾರೆ. ಪ್ರಸ್ತಾವನೆ, ಸಂಕೀರ್ಣತೆ, ಪ್ರತ್ಯಭಿಜ್ಞೆ, ನಿರ್ವಹಣೆ ಎಂದು ನಾಟಕಶಾಸ್ತ್ರದ ವಿದ್ಯಾರ್ಥಿ ಗುರುತಿಸುವ ಅಂಗಗಳೆಲ್ಲವೂ ಇಲ್ಲಿ ನಾಲ್ಕೂವರೆ ನಿಮಿಷಗಳೊಳಗೆ ಅಡಕವಾಗಿವೆ. ಪಲ್ಲವಿ ಮೂರು ಬಾರಿ ಬರುತ್ತದೆ. ಪ್ರತಿ ಬಾರಿಯೂ ಅದನ್ನು ಆಡುವ ಸಂದರ್ಭ ಬೇರೆ. ಮೊದಲು ಅದು ಓದಿದ ಜಾಹಿರಾತು, ಅನಂತರ ಬರೆದ ಉತ್ತರ, ಕೊನೆಗೆ ಎದುರುಬದುರು ಆಡಿದ ಮಾತು. ಪಲ್ಲವಿ ಕಥೆಯನ್ನು ತಡೆಯದೆ ಮುಂದಕ್ಕೆ ಒಯ್ಯುವಂತೆ ಮಾಡುವುದು ಗೀತರಚನೆಯಲ್ಲಿ ಕಷ್ಟಸಾಧ್ಯವಾದ ಕೆಲಸ.

ಈ ಹಾಡು ೧೯೭೯ರ ಡಿಸೆಂಬರಿನಲ್ಲಿ ಪಟ್ಟಿಯ ಮೊದಲನೆಯ ಸ್ಥಾನಕ್ಕೆ ಏರಿ, ಒಂದು ವಾರ ಕೆಳಗಿಳಿದು, ೧೯೮೦ರ ಜನವರಿಯಲ್ಲಿ ಮತ್ತೆ ಅಲ್ಲಿಗೇ ಏರಿತು. ಪಲ್ಲವಿಯಲ್ಲಿ ಬರುವ ಪೀನ್ಯ ಕೊಲಾಡ ಎಂಬ ಪಾನೀಯದ ಹೆಸರು ಮೊದಲ ಕರಡಿನಲ್ಲಿರಲಿಲ್ಲ. ಆ ಸ್ಥಳದಲ್ಲಿ ನಟ ಹಂಫ್ರಿ ಬೋಗಾರ್ಟನ ಹೆಸರಿತ್ತು. ಧ್ವನಿಮುದ್ರಣದ ಹೊತ್ತಿಗೆ ಹೋಮ್ಸನು ಅದನ್ನು ಬದಲಾಯಿಸಿದನು. ಕೇಳುಗರು ಅಂಗಡಿಗಳಲ್ಲಿ ಪಾನೀಯದ ಹೆಸರಿನಿಂದಲೇ ಹಾಡನ್ನು ಕೇಳತೊಡಗಿದ್ದರಿಂದ ಶೀರ್ಷಿಕೆಗೂ ಅದನ್ನು ಸೇರಿಸಬೇಕಾಯಿತು. ಮುಂದೆ ಜೀವನಪರ್ಯಂತ ಅವನನ್ನು ಆ ಪಾನೀಯದ ಗಾಯಕನೆಂದೇ ಗುರುತಿಸುವಂತಾಯಿತು.

ಅದೇ ಕಾಲದ ಇನ್ನೆರಡು ಹಾಡುಗಳೂ ಇದೇ ಜಾತಿಯವು. ‘ಹಿಮ್’ ಎಂಬುದರಲ್ಲಿ ಮನೆಯೊಳಗೆ ಬಿದ್ದಿರುವ, ತನ್ನದಲ್ಲದ ಸಿಗರೇಟು ಪೊಟ್ಟಣವೊಂದು ಪ್ರತಿಸ್ಪರ್ಧಿಯ ಸುಳಿವು ಕೊಡುತ್ತದೆ. ಪತ್ತೇದಾರಿ ಕಥೆಯ ಸಾಕ್ಷ್ಯವಸ್ತು ಪ್ರಣಯಗೀತೆಯೊಳಕ್ಕೆ ಬಂದಿದೆ. ‘ಆನ್ಸರಿಂಗ್ ಮಷೀನ್’ ಎಂಬುದರಲ್ಲಿ ವಿವಾಹಪ್ರಸ್ತಾಪ ಮಾಡುತ್ತಿರುವ ಪ್ರಿಯನ ಮಾತನ್ನು ದೂರವಾಣಿಯ ಸಂದೇಶಯಂತ್ರ ನಡುವೆಯೇ ಕತ್ತರಿಸಿಬಿಡುತ್ತದೆ. ಇಲ್ಲಿಯೂ ಮುಕ್ತಾಯವಾಗದ ವಾಕ್ಯವೇ ಕಥೆಯ ಕೀಲು.

ಆದರೆ ಕೀರ್ತಿಯ ನೆಲ ಗಟ್ಟಿಯಾಗಿರಲಿಲ್ಲ. ೧೯೭೯ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಇಳಿಮುಖವಾಗಿತ್ತು. ‘ಎಸ್ಕೇಪ್’ ಹಾಡನ್ನು ಪ್ರಕಟಿಸಿದ ಇನ್ಫಿನಿಟಿ ಸಂಸ್ಥೆ ಆ ಹಾಡಿನ ಉಚ್ಛ್ರಾಯಕಾಲದಲ್ಲಿಯೇ ತನ್ನ ಮಾತೃಸಂಸ್ಥೆಯಾದ ಎಂ.ಸಿ.ಎ.ಯಲ್ಲಿ ಲೀನವಾಗಿಹೋಯಿತು. ಆಮೇಲಿನ ಅವನ ಹಾಡುಗಳು ಆ ಎತ್ತರವನ್ನು ಮುಟ್ಟಲಿಲ್ಲ. ಹೀಗಿರುವಾಗ ಬಂದದ್ದು ರಂಗಭೂಮಿಯ ಕರೆ.

೪

ಈ ಕರೆ ಬಂದ ಬಗೆಯೂ ನಮ್ಮ ಪ್ರತಿಪಾದನೆಗೆ ಪೋಷಕವಾಗಿದೆ. ಹೋಮ್ಸನು ಆಗ ನ್ಯೂಯಾರ್ಕಿನ ಗಾನಗೃಹಗಳಲ್ಲಿ ಹಾಡುತ್ತಿದ್ದನು. ಹಾಡಿಗೂ ಹಾಡಿಗೂ ನಡುವೆ ಕಥೆಗಳನ್ನು ಹೇಳುವುದು ಅವನ ಪದ್ಧತಿ. ೧೯೮೩ರಲ್ಲಿ ಅಂತಹ ಒಂದು ಕಾರ್ಯಕ್ರಮಕ್ಕೆ ಬಂದಿದ್ದ ಗೇಲ್ ಮೆರಿಫೀಲ್ಡ್ ಎಂಬಾಕೆ, ಇವನು ಪೂರ್ಣಪ್ರಮಾಣದ ಸಂಗೀತ ನಾಟಕವನ್ನು ಬರೆಯಬೇಕೆಂದು ಸೂಚಿಸಿದಳು. ಆಕೆ ನ್ಯೂಯಾರ್ಕ್ ಷೇಕ್ಸ್‌ಪಿಯರ್ ಉತ್ಸವದ ಸ್ಥಾಪಕನಾದ ಜೋಸೆಫ್ ಪ್ಯಾಪನ ಪತ್ನಿ. ಅವನ ರಂಗಸಂಸ್ಥೆಯಲ್ಲಿ ಹೊಸ ನಾಟಕಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವಳು. ಆಕೆ ಕಂಡದ್ದು ಗಾಯಕನಲ್ಲಿ ಅದಾಗಲೇ ಇದ್ದ ನಾಟಕಕಾರನನ್ನು.

ಪ್ಯಾಪನ ಸಂಸ್ಥೆ ಇಂತಹ ಸಾಹಸಕ್ಕೆ ಸಿದ್ಧವಾಗಿದ್ದುದಕ್ಕೆ ಪೂರ್ವಕಾರಣವೂ ಇದೆ. ೧೯೮೦ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಉದ್ಯಾನದ ಡೆಲಕೋರ್ಟ್ ಬಯಲು ರಂಗಮಂದಿರದಲ್ಲಿ ಗಿಲ್ಬರ್ಟ್–ಸಲಿವನ್ನರ ‘ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್’ ಪ್ರಯೋಗಗೊಂಡಿತ್ತು. ವಿಲ್ಫರ್ಡ್ ಲೀಚ್ ನಿರ್ದೇಶಿಸಿದ ಆ ಪ್ರಯೋಗದಲ್ಲಿ ಲಿಂಡಾ ರಾನ್‌ಸ್ಟಾಟ್, ರೆಕ್ಸ್ ಸ್ಮಿತ್ ಎಂಬ ಜನಪ್ರಿಯ ಗಾಯಕರು ಮುಖ್ಯ ಪಾತ್ರಗಳನ್ನು ವಹಿಸಿದ್ದರು. ೧೯೮೧ರಲ್ಲಿ ಅದು ಬ್ರಾಡ್‌ವೇಯ ವೃತ್ತಿ ರಂಗಭೂಮಿಯನ್ನು ಸೇರಿ ವಿಜಯ ಗಳಿಸಿತು. ಜನಪ್ರಿಯ ಕಂಠವೂ ವಿಕ್ಟೋರಿಯಾ ಯುಗದ ವಿನೋದವೂ ಒಂದೇ ವೇದಿಕೆಯಲ್ಲಿ ಕೂಡಬಲ್ಲುವೆಂಬುದು ಹಾಗೆ ಸಿದ್ಧವಾಗಿತ್ತು. ಹೋಮ್ಸನ ನಾಟಕಕ್ಕೂ ಲೀಚನೇ ನಿರ್ದೇಶಕನಾದನು. ಡೆಲಕೋರ್ಟಿನಲ್ಲಿಯೇ ಅದು ಮೊದಲು ಪ್ರಯೋಗಗೊಂಡಿತು.

ಹೋಮ್ಸನು ಆರಿಸಿಕೊಂಡ ವಸ್ತು ಚಾರ್ಲ್ಸ್ ಡಿಕನ್ಸನ ಕೊನೆಯ ಕಾದಂಬರಿಯಾದ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’. ಹನ್ನೆರಡು ಮಾಸಿಕ ಕಂತುಗಳಲ್ಲಿ ಬರಬೇಕಾಗಿದ್ದ ಇದರಲ್ಲಿ ಆರು ಕಂತುಗಳನ್ನಷ್ಟೇ ಬರೆದು ಡಿಕನ್ಸನು ೧೮೭೦ರ ಜೂನ್ ೯ರಂದು ತೀರಿಕೊಂಡನು. ಕ್ಲೋಯಿಸ್ಟರ್‌ಹ್ಯಾಮ್ ಎಂಬ ಊರಿನ ಪ್ರಧಾನ ಇಗರ್ಜಿಯ ಗಾಯನಾಧ್ಯಕ್ಷ ಜಾನ್ ಜಾಸ್ಪರ್ ಹೊರಗೆ ಸಭ್ಯ, ಒಳಗೆ ಅಫೀಮಿನ ದಾಸ. ತನ್ನ ಸೋದರಿಯ ಮಗ ಎಡ್ವಿನ್ ಡ್ರೂಡನಿಗೆ ನಿಶ್ಚಿತಳಾದ ರೋಸಾ ಬಡ್ ಎಂಬ ಕನ್ಯೆಯಲ್ಲಿ ಅವನಿಗೆ ಮೋಹ. ಸಿಂಹಳದಿಂದ ಬಂದ ಅವಳಿಗಳಾದ ನೆವಿಲ್, ಹೆಲೆನಾ ಇವರಲ್ಲಿ ನೆವಿಲನಿಗೂ ಡ್ರೂಡನಿಗೂ ವೈಮನಸ್ಯ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಡ್ರೂಡ್ ಕಾಣೆಯಾಗುತ್ತಾನೆ. ಸತ್ತನೋ ಬದುಕಿರುವನೋ ತಿಳಿಯದು. ಡ್ಯಾಚರಿ ಎಂಬ ಅಪರಿಚಿತನೊಬ್ಬನು ಊರಿಗೆ ಬಂದು ವಿಚಾರಣೆ ಮಾಡುತ್ತಾನೆ, ಅವನಾರೆಂಬುದೂ ತಿಳಿಯದು. ಲೇಖನಿ ಅಲ್ಲಿಗೆ ನಿಂತಿತು.

ಈ ಕಥೆಗೆ ಮುಕ್ತಾಯ ಹುಡುಕುವುದು ಇಂಗ್ಲಿಷ್ ಸಾಹಿತ್ಯದಲ್ಲಿ ಒಂದು ಉಪಶಾಸ್ತ್ರವೇ ಆಗಿದೆ. ಜಾಸ್ಪರನೇ ಕೊಲೆಗಾರನೆಂದು ಡಿಕನ್ಸನ ಸ್ನೇಹಿತನೂ ಚರಿತ್ರಕಾರನೂ ಆದ ಜಾನ್ ಫಾರ್ಸ್ಟರ್ ತಿಳಿಸಿದ್ದರೂ ವಿವಾದ ಅಡಗಲಿಲ್ಲ. ೧೯೧೪ರ ಜನವರಿಯಲ್ಲಿ ಲಂಡನ್ನಿನಲ್ಲಿ ಜಾಸ್ಪರನ ಮೇಲೆ ಒಂದು ಅಣಕು ವಿಚಾರಣೆಯೇ ನಡೆಯಿತು. ಜಿ. ಕೆ. ಚೆಸ್ಟರ್‌ಟನ್ ನ್ಯಾಯಾಧೀಶ, ಬರ್ನಾರ್ಡ್ ಷಾ ಪಂಚಾಯಿತರ ಮುಖ್ಯಸ್ಥ. ಉದ್ದೇಶಪೂರ್ವಕ ಕೊಲೆಯಲ್ಲವೆಂಬ ತೀರ್ಪನ್ನು ಷಾ ಒಪ್ಪಿಸಲು, ಚೆಸ್ಟರ್‌ಟನ್ ತನ್ನನ್ನು ಬಿಟ್ಟು ಮಿಕ್ಕವರೆಲ್ಲರಿಗೂ ನ್ಯಾಯಾಲಯನಿಂದೆಗಾಗಿ ದಂಡ ವಿಧಿಸಿದನು. ಅಪೂರ್ಣ ಕಾದಂಬರಿಯ ಮುಕ್ತಾಯವನ್ನು ಸಭೆಯೊಂದು ವಿನೋದದಿಂದ ತೀರ್ಮಾನಿಸಿದ ಪೂರ್ವೋದಾಹರಣೆ ಹೀಗೆ ಡಿಕನ್ಸ್ ಭಕ್ತರಲ್ಲಿಯೇ ಇದೆ.

೫

ಹೋಮ್ಸನು ಕಾದಂಬರಿಗೆ ತಾನಾಗಿ ಒಂದು ಮುಕ್ತಾಯವನ್ನು ಬರೆಯಲಿಲ್ಲ. ಅವನು ಕಥೆಯನ್ನು ಇನ್ನೊಂದು ಚೌಕಟ್ಟಿನೊಳಗೆ ಇರಿಸಿದನು. ನಾವು ನೋಡುವುದು ಕ್ಲೋಯಿಸ್ಟರ್‌ಹ್ಯಾಮನ್ನಲ್ಲ. ವಿಕ್ಟೋರಿಯಾ ಕಾಲದ ‘ಮ್ಯೂಸಿಕ್ ಹಾಲ್’ ಒಂದರಲ್ಲಿ ಅಗ್ಗದ ನಟವರ್ಗವೊಂದು ಡಿಕನ್ಸನ ಕಥೆಯನ್ನು ಆಡುತ್ತಿರುವುದನ್ನು. ಪ್ರತಿಯೊಬ್ಬ ನಟನೂ ಎರಡು ಪಾತ್ರಗಳನ್ನು ವಹಿಸಬೇಕು: ಒಂದು ಆ ಕಾಲದ ನಟನ ಪಾತ್ರ, ಇನ್ನೊಂದು ಆ ನಟನು ಆಡುವ ಡಿಕನ್ಸನ ಪಾತ್ರ. ‘ಚೇರ್ಮನ್’ ಎಂಬವನು ಇವರನ್ನೆಲ್ಲ ಪರಿಚಯಿಸುತ್ತ, ಪ್ರೇಕ್ಷಕರೊಡನೆ ಹರಟುತ್ತ, ಬೇಕಾದಾಗ ಕಥೆಯೊಳಕ್ಕೂ ಇಳಿಯುತ್ತ ನಾಟಕವನ್ನು ನಡೆಸುತ್ತಾನೆ. ನಮ್ಮ ಓದುಗರಿಗೆ ಇವನಲ್ಲಿ ಸೂತ್ರಧಾರನ ಛಾಯೆ ಕಾಣದಿರದು. ಡ್ರೂಡನ ಪಾತ್ರವನ್ನು ವಹಿಸುವವಳು ಸ್ತ್ರೀ. ಇಂಗ್ಲಿಷ್ ‘ಪ್ಯಾಂಟೊಮೈಮ್’ ಆಟಗಳಲ್ಲಿ ತರುಣ ನಾಯಕನ ವೇಷವನ್ನು ನಟಿಯೇ ಧರಿಸುವ ಸಂಪ್ರದಾಯವಿದೆ. ನಮ್ಮ ವೃತ್ತಿ ನಾಟಕ ಮಂಡಲಿಗಳಲ್ಲಿ ಪುರುಷರು ಸ್ತ್ರೀಪಾತ್ರ ವಹಿಸುತ್ತಿದ್ದುದಕ್ಕೆ ಇದು ತಿರುವುಮುರುವು.

ಕಥೆ ಸಾಗುತ್ತ, ಗೆಲ್ಲುತ್ತಿರುವಾಗ ಆಟ ಬಿಡಬಾರದು ಎಂಬರ್ಥದ ಶೀರ್ಷಿಕೆಯುಳ್ಳ ಉತ್ಸಾಹದ ಹಾಡಿಗೆ ಬರುತ್ತದೆ. ಆ ಹಾಡು ಥಟ್ಟನೆ ನಿಲ್ಲುತ್ತದೆ. ಡಿಕನ್ಸನು ಲೇಖನಿಯನ್ನು ಕೆಳಗಿಟ್ಟದ್ದು ಇಲ್ಲಿಯೇ ಎಂದು ಚೇರ್ಮನ್ ಸಾರುತ್ತಾನೆ. ಮರಣವೇ ನಾಟಕದ ತಾಳವನ್ನು ಕಡಿದಂತಾಗುತ್ತದೆ. ನಗುತ್ತಿದ್ದ ಸಭೆ ಒಂದು ಕ್ಷಣ ಮೌನವಾಗುತ್ತದೆ. ಅನಂತರ ಮತದಾನ. ಡ್ಯಾಚರಿಯ ವೇಷದಲ್ಲಿರುವವರು ಯಾರೆಂಬುದಕ್ಕೆ ಐವರು, ಕೊಲೆಗಾರನಾರೆಂಬುದಕ್ಕೆ ಏಳು ಮಂದಿ ಅಭ್ಯರ್ಥಿಗಳು. ಕೊನೆಗೆ ಯಾರು ಯಾರನ್ನು ಪ್ರೀತಿಸಬೇಕೆಂಬುದೂ ಪ್ರೇಕ್ಷಕರ ಆಯ್ಕೆಯೇ. ಇದಕ್ಕಾಗಿ ಹೋಮ್ಸನು ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆಬೇರೆ ತಪ್ಪೊಪ್ಪಿಗೆಯ ಹಾಡನ್ನು ಬರೆದಿಟ್ಟನು. ಆ ರಾತ್ರಿ ಒಂದನ್ನು ಹಾಡಿದರೆ ಮಿಕ್ಕವು ಮೌನವಾಗಿರುತ್ತವೆ.

ಈ ಏರ್ಪಾಟನ್ನು ಕೇವಲ ತಂತ್ರದ ಆಟವೆಂದು ಹೇಳುವವರಿಗೆ ಎರಡು ಸಮಾಧಾನಗಳಿವೆ. ಮೊದಲನೆಯದು, ಯಾರನ್ನು ಆರಿಸಿದರೂ ಕಥೆ ನಂಬುವಂತಿರಬೇಕಾದರೆ ಹಿಂದಿನ ದೃಶ್ಯಗಳಲ್ಲಿ ಪ್ರತಿಯೊಬ್ಬನ ಮೇಲೂ ಸಂಶಯದ ಬೀಜವನ್ನು ಬಿತ್ತಿರಬೇಕು. ಇದು ಪಾತ್ರರಚನೆಯ ಕೆಲಸ. ಎರಡನೆಯದು, ಮುಕ್ತಾಯದ ಅಧಿಕಾರವನ್ನು ಪ್ರೇಕ್ಷಕರಿಗೆ ಕೊಟ್ಟಂತೆ ಮಾಡಿ ಕೊನೆಯ ಮಾತನ್ನು ಲೇಖಕನು ತನ್ನಲ್ಲಿಯೇ ಉಳಿಸಿಕೊಂಡಿದ್ದಾನೆ. ಯಾವ ಮತ ಬಿದ್ದರೂ ಎಡ್ವಿನ್ ಡ್ರೂಡ್ ಜೀವಂತನಾಗಿ ಮರಳಿ ಬಂದು, ಬದುಕನ್ನು ಬಿಗಿಹಿಡಿಯಬೇಕೆಂಬ ಭಾವದ ಹಾಡನ್ನು ಹಾಡುತ್ತಾನೆ. ಲೇಖಕನ ಸಾವಿನಿಂದ ತುಂಡಾದ ಕಥೆಗೆ ಬದುಕಿನ ಹಾಡೇ ಮಂಗಳವಾಗುತ್ತದೆ.

ನಾಟಕ ೧೯೮೫ರ ಆಗಸ್ಟಿನಲ್ಲಿ ಡೆಲಕೋರ್ಟಿನಲ್ಲಿಯೂ ಡಿಸೆಂಬರ್ ೨ರಂದು ಬ್ರಾಡ್‌ವೇಯ ಇಂಪೀರಿಯಲ್ ರಂಗಮಂದಿರದಲ್ಲಿಯೂ ಪ್ರಾರಂಭವಾಯಿತು. ಚೇರ್ಮನ್ನನಾಗಿ ಜಾರ್ಜ್ ರೋಸ್, ಡ್ರೂಡನಾಗಿ ಬೆಟಿ ಬಕ್ಲಿ, ಅಫೀಮಿನ ಅಡ್ಡೆಯ ಒಡತಿಯಾಗಿ ಗಾಯಕಿ ಕ್ಲಿಯೋ ಲೇನ್ ಅಭಿನಯಿಸಿದರು. ಪಠ್ಯ, ಗೀತೆ, ರಾಗಗಳಲ್ಲದೆ ವಾದ್ಯಮೇಳದ ಸಂಯೋಜನೆಯೂ ಹೋಮ್ಸನದೇ. ಬ್ರಾಡ್‌ವೇಯಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಬೇರೆ ತಜ್ಞರಿಗೆ ಒಪ್ಪಿಸುವುದು ರೂಢಿ. ನಾಟಕಕ್ಕೆ ಐದು ಟೋನಿ ಪ್ರಶಸ್ತಿಗಳು ಬಂದುವು: ಶ್ರೇಷ್ಠ ಸಂಗೀತ ನಾಟಕವೆಂದು ಒಂದು, ಹೋಮ್ಸನಿಗೆ ಎರಡು, ಲೀಚನಿಗೆ ಒಂದು, ರೋಸನಿಗೆ ಒಂದು. ೬೦೮ ಪ್ರದರ್ಶನಗಳ ಅನಂತರ ೧೯೮೭ರ ಮೇ ತಿಂಗಳಲ್ಲಿ ಅದು ಮುಗಿಯಿತು. ೨೦೧೨ರಲ್ಲಿ ಬ್ರಾಡ್‌ವೇಯಲ್ಲಿ ಮತ್ತೆ ಪ್ರಯೋಗಗೊಂಡಿತು.

೬

ಹಾಡಿನ ಲೋಕದಿಂದ ರಂಗಭೂಮಿಗೆ ಬಂದವನು ಹೋಮ್ಸನೊಬ್ಬನೇ ಅಲ್ಲ. ಅವನ ಹಿಂದಿನ ವರ್ಷವೇ, ೧೯೮೫ರಲ್ಲಿ, ಶ್ರೇಷ್ಠ ಗೀತರಚನೆಯ ಟೋನಿ ರೋಜರ್ ಮಿಲ್ಲರನಿಗೆ ಸಂದಿತ್ತು. ಅವನು ಗ್ರಾಮೀಣ ಧಾಟಿಯ ಹಾಡುಗಳಿಗೆ ಪ್ರಸಿದ್ಧನಾದ ಗಾಯಕ. ಅವನ ನಾಟಕ ‘ಬಿಗ್ ರಿವರ್’, ಮಾರ್ಕ್ ಟ್ವೇನನ ಹಕಲ್‌ಬರಿ ಫಿನ್ ಕಥೆ. ಇಬ್ಬರು ಜನಪ್ರಿಯ ಗಾಯಕರು ಒಂದರ ಹಿಂದೊಂದು ವರ್ಷದಲ್ಲಿ, ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳನ್ನು ಆಧರಿಸಿ, ಒಂದೇ ಗೌರವವನ್ನು ಪಡೆದದ್ದು ಗಮನಾರ್ಹ. ಆದರೆ ಮಿಲ್ಲರನು ಬರೆದದ್ದು ಹಾಡುಗಳನ್ನು ಮಾತ್ರ. ಪಠ್ಯ ವಿಲಿಯಂ ಹಾಪ್ಟ್‌ಮನ್ನನದು. ೨೦೧೩ರಲ್ಲಿ ‘ಕಿಂಕಿ ಬೂಟ್ಸ್’ ನಾಟಕದ ಹಾಡುಗಳಿಗಾಗಿ ಇದೇ ಪ್ರಶಸ್ತಿಯನ್ನು ಪಡೆದ ಗಾಯಕಿ ಸಿಂಡಿ ಲಾಪರಳಿಗೂ ಪಠ್ಯವನ್ನು ಒದಗಿಸಿದವನು ಅನುಭವಿ ನಾಟಕಕಾರನಾದ ಹಾರ್ವಿ ಫೈರ್‌ಸ್ಟೀನ್. ಇದಕ್ಕೆ ವಿರುದ್ಧವಾಗಿ ಪಾಲ್ ಸೈಮನ್ನನ ‘ದಿ ಕೇಪ್‌ಮನ್’ ೧೯೯೮ರಲ್ಲಿ ೬೮ ಪ್ರದರ್ಶನಗಳಿಗೇ ನಿಂತುಹೋಯಿತು. ಸೈಮನ್ ತನ್ನ ತಲೆಮಾರಿನ ಶ್ರೇಷ್ಠ ಗೀತಕಾರರಲ್ಲಿ ಒಬ್ಬ. ಜೊತೆಗಿದ್ದವನು ನೊಬೆಲ್ ಪಾರಿತೋಷಿಕ ಪಡೆದ ಕವಿ ಡೆರೆಕ್ ವಾಲ್ಕಟ್. ರಾಗವೂ ಕಾವ್ಯವೂ ಸೇರಿದ ಮಾತ್ರಕ್ಕೆ ನಾಟಕವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಗಾಯಕನನ್ನು ರಂಗಭೂಮಿಯಲ್ಲಿ ನಿಲ್ಲಿಸುವ ಶಕ್ತಿ ಕಥೆಯನ್ನು ಕಟ್ಟುವ, ಯಾವುದನ್ನು ಯಾವಾಗ ಬಿಚ್ಚಿಡಬೇಕೆಂದು ಬಲ್ಲ ವಿವೇಕದಿಂದ ಬರುತ್ತದೆ. ಹೋಮ್ಸನು ಆ ಅಭ್ಯಾಸವನ್ನು ಧ್ವನಿಮುದ್ರಣ ಶಾಲೆಯಲ್ಲಿಯೇ ಮುಗಿಸಿದ್ದನು.

ಮುಂದಿನ ಕೃತಿಗಳೂ ಇದನ್ನೇ ಹೇಳುತ್ತವೆ. ೧೯೯೦ರ ‘ಅಕಾಂಪ್ಲಿಸ್’ ಹಾಡುಗಳಿಲ್ಲದ ಪತ್ತೇದಾರಿ ನಾಟಕ. ೧೯೯೬ರಿಂದ ೧೯೯೮ರವರೆಗೆ ದೂರದರ್ಶನದಲ್ಲಿ ಬಂದ ‘ರಿಮೆಂಬರ್ ವೆನ್’ ಹಳೆಯ ಬಾನುಲಿ ನಿಲಯವೊಂದರ ಕಥೆ. ೨೦೦೨ರ ‘ಸೇ ಗುಡ್‌ನೈಟ್ ಗ್ರೇಸಿ’ ವಿನೋದನಟ ಜಾರ್ಜ್ ಬರ್ನ್ಸನ ಜೀವನವನ್ನು ಕುರಿತ ಏಕಪಾತ್ರ ನಾಟಕ. ಇವುಗಳ ಜೊತೆಗೆ ೨೦೦೩ರ ‘ವೇರ್ ದಿ ಟ್ರೂತ್ ಲೈಸ್’ ಮೊದಲಾಗಿ ೨೦೨೩ರ ‘ಮರ್ಡರ್ ಯುವರ್ ಎಂಪ್ಲಾಯರ್’ವರೆಗೆ ಪತ್ತೇದಾರಿ ಕಾದಂಬರಿಗಳು. ಇವೆಲ್ಲಕ್ಕಿಂತ ಮುಖ್ಯವಾದುದು ‘ಕರ್ಟನ್ಸ್’ ಎಂಬ ಸಂಗೀತ ನಾಟಕ. ಅದರ ಪಠ್ಯವನ್ನು ಬರೆಯುತ್ತಿದ್ದ ಪೀಟರ್ ಸ್ಟೋನ್ ೨೦೦೩ರಲ್ಲಿ ತೀರಿಕೊಂಡನು. ಗೀತಕಾರ ಫ್ರೆಡ್ ಎಬ್ ೨೦೦೪ರಲ್ಲಿ. ಉಳಿದವನು ಸಂಗೀತಕಾರ ಜಾನ್ ಕ್ಯಾಂಡರ್ ಒಬ್ಬನೇ. ಪಠ್ಯವನ್ನು ಹೊಸದಾಗಿ ಕಟ್ಟುವುದಕ್ಕೂ ಕ್ಯಾಂಡರನೊಡನೆ ಉಳಿದ ಹಾಡುಗಳ ಸಾಹಿತ್ಯವನ್ನು ಪೂರ್ಣಗೊಳಿಸುವುದಕ್ಕೂ ಹೋಮ್ಸನನ್ನು ಕರೆದರು. ೨೦೦೭ರ ಮಾರ್ಚಿಯಲ್ಲಿ ಬ್ರಾಡ್‌ವೇಯಲ್ಲಿ ಪ್ರಾರಂಭವಾದ ಅದು ೫೧೧ ಪ್ರದರ್ಶನಗಳನ್ನು ಕಂಡಿತು. ನಾಟಕದೊಳಗಿನ ನಾಟಕ, ರಂಗದ ಮೇಲಿನ ಕೊಲೆ, ಅದನ್ನು ಶೋಧಿಸಲು ಬಂದ ಸಂಗೀತ ನಾಟಕಪ್ರಿಯನಾದ ಪತ್ತೇದಾರ: ವಸ್ತುವೂ ‘ಡ್ರೂಡ್’ನ ಬಳಗದ್ದೇ. ಡಿಕನ್ಸನ ಅಪೂರ್ಣ ಕೃತಿಯಿಂದ ರಂಗಜೀವನವನ್ನು ಆರಂಭಿಸಿದವನ ಕೈಗೆ ಇಪ್ಪತ್ತು ವರ್ಷಗಳ ಅನಂತರ ಮೃತರ ಇನ್ನೊಂದು ಅಪೂರ್ಣ ಕೃತಿ ಬಂದು ಸೇರಿತು.

ಆದ್ದರಿಂದ ‘ಟಿಮೊಥಿ’ಯಿಂದ ‘ಕರ್ಟನ್ಸ್’ವರೆಗೆ ಹೋಮ್ಸನ ಬರವಣಿಗೆಯನ್ನು ಒಂದೇ ಎಳೆಯಾಗಿ ಓದುವುದು ಯುಕ್ತ. ಹೇಳದೆ ಉಳಿದ ಮಾತು, ತಡವಾಗಿ ಬಿಚ್ಚುವ ಗುಟ್ಟು, ಕೇಳುಗನಿಗೆ ಬಿಟ್ಟ ತೀರ್ಮಾನ: ಈ ಮೂರು ಅವನಲ್ಲಿ ಮೊದಲಿನಿಂದಲೂ ಇವೆ. ಜನಪ್ರಿಯ ಗೀತೆಯನ್ನು ಚರಿತ್ರೆಯ ಹೊರಗಿಟ್ಟವನಿಗೆ ‘ಡ್ರೂಡ್’ ಎಲ್ಲಿಂದಲೋ ಬಿದ್ದ ಆಶ್ಚರ್ಯವಾಗಿ ಕಾಣುತ್ತದೆ. ಗೀತೆಗಳನ್ನು ಓದಿದವನಿಗೆ ಅದರ ಬೇರು ಕಾಣುತ್ತದೆ. ಡಿಕನ್ಸನ ಕೊನೆಯ ಕಾದಂಬರಿಯನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಅದರ ವಿಮರ್ಶಕರ ಊಹೆಗಳೊಡನೆ ಈ ನಾಟಕವನ್ನೂ ಇರಿಸಿಕೊಂಡು ನೋಡಿದರೆ ಲಾಭವಿದೆ. ವಿಮರ್ಶಕರು ಡಿಕನ್ಸನು ಏನನ್ನು ಬರೆಯುತ್ತಿದ್ದನೆಂದು ಕೇಳುತ್ತಾರೆ. ಗಾಯಕನಾಗಿದ್ದ ಈ ನಾಟಕಕಾರನು ಆ ಪ್ರಶ್ನೆಯನ್ನು ಬದಿಗಿಟ್ಟು, ಕಥೆ ನಿಂತ ಜಾಗದಲ್ಲಿ ಕೇಳುವವರು ಏನು ಮಾಡುತ್ತಾರೆ ಎಂದು ಕೇಳಿದನು.